ಕ್ಲಚ್ ಸಂತ್ರಸ್ತರ ಹೋರಾಟ ಸಮಿತಿ

ನಮ್ಮ ತುಕಾರಾಮ ಮಾಮಾ ಮನೆಗೆ ಬರುವ ಮೊದಲು ಅವರ ವಾಸನೆ ಬರುತ್ತದೆ. ತಪ್ಪು ತಿಳಿಯಬಾರದು; ಮನುಷ್ಯ ಎರಡು ಹೊತ್ತು ಸ್ನಾನ ಮಾಡುವವರು, ಇಸ್ತ್ರಿ ಇಲ್ಲದ ಅಂಗಿ ತೊಟ್ಟವರಲ್ಲ. ವಾಸನೆ ಅವರ ಪಿಕಪ್ ಗಾಡಿಯ ಕ್ಲಚ್ಚಿನದು. ಸುಟ್ಟ ರಬ್ಬರು, ಸೀದ ಬೇಳೆ, ಗೋಣಿಚೀಲಕ್ಕೆ ಹತ್ತಿದ ಬೆಂಕಿ, ಇವನ್ನೆಲ್ಲ ಕೂಡಿಸಿದರೆ ಏನಾಗುತ್ತದೋ ಅದು. ಕಲಬುರಗಿಯ ಕೋಟನೂರಿನ ನಮ್ಮ ಓಣಿಯ ತಿರುವಿನಲ್ಲಿ ಗಾಡಿ ಕಾಣಿಸುವ ಮುಂಚೆಯೇ ಪಕ್ಕದ ಮನೆಯ ಇಕ್ಬಾಲ್ ಬೇಗಂ "ಯಾ ಅಲ್ಲಾ, ಬ್ಯಾಳಿ!" ಎಂದು ಒಲೆಯ ಕಡೆಗೆ ಓಡುತ್ತಿದ್ದರು. ಬೇಳೆ ತನ್ನ ಪಾಡಿಗೆ ತಾನು ಕುದಿಯುತ್ತಿರುತ್ತಿತ್ತು. ಹೀಗೆ ಓಡಿ ಓಡಿ ಮೊಣಕಾಲು ಹಿಡಿದುಕೊಂಡ ಮೇಲೆ ಅವರು ಓಡುವುದನ್ನೇ ಬಿಟ್ಟರು. ಈಗ ಕೂತಲ್ಲಿಂದಲೇ ಒಮ್ಮೆ ಮೂಗರಳಿಸಿ, "ತುಕಾರಾಮ್ ಭಾಯ್ ಬಂದ್ರು ನೋಡ್ರಿ" ಎಂದು ಹಾಜರಿ ಹಾಕುತ್ತಾರೆ.

ಮಾಮಾ ಅಂದರೆ ನನ್ನ ಅಕ್ಕ ಶೇವಂತಾಳ ಗಂಡ. ನಾನು ಆನಂದಕುಮಾರ, ಬ್ರಹ್ಮಪುರದ ಒಂದು ಖಾಸಗಿ ಶಾಲೆಯಲ್ಲಿ ಗುಮಾಸ್ತ. ನನ್ನ ಅಕ್ಷರ ದುಂಡಗಿವೆ. ಈ ಒಂದೇ ಕಾರಣಕ್ಕೆ ನಮ್ಮ ಬಳಗದಲ್ಲಿ ಯಾರಿಗೆ ಎಂಥ ಅನ್ಯಾಯವಾದರೂ ನೋಯುವುದು ನನ್ನ ಬೆರಳು. ಇದನ್ನು ಬರೆಯುವಾಗಲೂ ನೋಯುತ್ತಿವೆ.

ಮಾಮಾ ತಮ್ಮ ಆಯುಷ್ಯದ ಬಹುಪಾಲು ಸರಕಾರಿ ಜೀಪು ಓಡಿಸಿದವರು. ಅವರ ಜೀಪಿನಲ್ಲಿ ಕೂತ ಸಾಹೇಬರುಗಳಿಗೆ ಲೆಕ್ಕವಿಲ್ಲ. ಸಾಹೇಬರು ಬದಲಾಗುತ್ತಿದ್ದರು, ಆದರೆ ಅವರ ಬಾಯಲ್ಲಿದ್ದದ್ದು ಒಂದೇ ಮಾತು: "ತುಕಾರಾಮ, ನಿಂದ್ರಸು." ಎಳನೀರು ಕಂಡರೆ ನಿಂದ್ರಸು. ಫೋನು ಬಂದರೆ ನಿಂದ್ರಸು. ಗುರುತಿನವರು ಕಂಡರೆ ನಿಂದ್ರಸು, ಗುರುತಿನವರು ಅಲ್ಲವೆಂದು ಗೊತ್ತಾದರೆ ನಡಿ. ಮಾಮಾ ನಿಲ್ಲಿಸಿದರೆ ಗಾಡಿ ನಿಂತದ್ದೇ ತಿಳಿಯುತ್ತಿರಲಿಲ್ಲವಂತೆ. ಸಾಹೇಬರ ಕೈಯಲ್ಲಿದ್ದ ಚಹಾ ಒಂದು ಹನಿ ತುಳುಕುತ್ತಿರಲಿಲ್ಲವಂತೆ. ನಿವೃತ್ತಿಯ ದಿನ ಕೊನೆಯ ಸಾಹೇಬರು ಭಾಷಣದಲ್ಲಿ, "ತುಕಾರಾಮನಂಥ ಚಾಲಕ ನಮ್ಮ ಇಲಾಖೆಗೆ ಮತ್ತೊಬ್ಬ ಸಿಗುವುದಿಲ್ಲ" ಎಂದರು. ಇದು ನಿವೃತ್ತರಾಗುವವರಿಗೆಲ್ಲ ಶಾಲಿನ ಜೊತೆ ಪುಕ್ಕಟೆ ಸಿಗುವ ಮಾತು. ಮಾಮಾ ಶಾಲನ್ನು ಪೆಟ್ಟಿಗೆಯಲ್ಲಿಟ್ಟು ಮಾತನ್ನು ಮೈತುಂಬ ಹೊದ್ದುಕೊಂಡರು. ಮರುತಿಂಗಳೇ ಒಂದು ಪಿಕಪ್ ಕೊಂಡರು.

ಗಾಡಿ ಚಲೋ ಇತ್ತು. ದಾಲ್ ಮಿಲ್ಲಿನ ತೊಗರಿ ಚೀಲ, ಕಮಲಾಪುರದ ನಾಗಣ್ಣನ ತೋಟದ ಕೆಂಪು ಬಾಳೆಗೊನೆ, ಬಾಡಿಗೆ ಮನೆ ಬದಲಿಸುವವರ ಪಾತ್ರೆ ಪಡಗ, ಎಲ್ಲವನ್ನೂ ಹೊತ್ತು ತಿರುಗುತ್ತಿತ್ತು. ಒಂದೇ ಐಬು. ಕ್ಲಚ್ ನಿಲ್ಲುತ್ತಿರಲಿಲ್ಲ. ಬೇರೆಯವರ ಗಾಡಿಯಲ್ಲಿ ವರ್ಷಗಟ್ಟಲೆ ಬರುವ ಕ್ಲಚ್ ಪ್ಲೇಟು ಮಾಮಾನ ಗಾಡಿಯಲ್ಲಿ ಹಬ್ಬದಿಂದ ಹಬ್ಬಕ್ಕೆ ಬಂದರೆ ಹೆಚ್ಚು. ಎಂಜಿನ್ನು ಹೋ ಎಂದು ಕೂಗುತ್ತದೆ, ಗಾಡಿ ಇದ್ದಲ್ಲೇ ಇರುತ್ತದೆ, ಓಣಿಯ ತುಂಬ ಸೀದ ವಾಸನೆ.

"ದೃಷ್ಟಿ ಆಗ್ಯಾದ ಭಾಯ್, ಮುಂದ ಒಂದ್ ಲಿಂಬಿಹಣ್ಣು ಕಟ್ರಿ" ಎಂದರು ಇಕ್ಬಾಲ್ ಬೇಗಂ, ನೆರೆಹೊರೆಯ ಕಾಳಜಿಯಿಂದ.

ಮಾಮಾ ಡ್ಯಾಶ್‌ಬೋರ್ಡಿನ ಮೇಲಿನ ಪುಟ್ಟ ಬುದ್ಧನ ಮೂರ್ತಿಯನ್ನು ಕರವಸ್ತ್ರದಿಂದ ಒರೆಸುತ್ತ, "ನೋಡ್ರಿ ಬೇಗಂ, ನಾವು ಲಿಂಬಿಹಣ್ಣಿನ ಮಂದಿ ಅಲ್ಲ. ಅರ್ಜಿ ಮಂದಿ" ಎಂದರು. ಆಗಲೇ ನನ್ನ ಬೆರಳು ಸಣ್ಣಗೆ ಸೆಳೆದವು. ನಾನು ಗಮನ ಕೊಡಬೇಕಿತ್ತು.

ಅಕ್ಕ ಅರ್ಜಿಯನ್ನೂ ನಂಬುವವಳಲ್ಲ, ಲಿಂಬೆಯನ್ನೂ ನಂಬುವವಳಲ್ಲ. ಮತ್ತೊಂದು ಕ್ಲಚ್ ಹೋದ ದಿನ ರೊಟ್ಟಿ ಬಡಿಯುತ್ತ ಬಡಿಯುತ್ತಲೇ ತೀರ್ಪು ಕೊಟ್ಟಳು.

"ಕೇಳ್ರಿ ಇಲ್ಲಿ. ಇದೊಂದು ಕ್ಲಚ್ ಹಾಕಸ್ರಿ. ಇದೂ ಸುಟ್ಟಿತು ಅಂದ್ರ ಗಾಡಿ ಮಾರೋದು. ಕಮಲಾಪುರದ ನಾಗಣ್ಣ ತಗೋತೀನಿ ಅಂತ ಬಾಯಿ ತಕ್ಕೊಂಡು ಕುಂತಾನ. ನೀವು ಕಟ್ಟಿ ಮ್ಯಾಲ ಕುಂತು ಪೇಪರ್ ಓದ್ರಿ."

"ಗಾಡಿ ಮಾರಿದ್ರ ನಾ ಏನ್ ಮಾಡ್ಲಿ?" ಎಂದರು ಮಾಮಾ.

"ಅದಕ್ಕೂ ಒಂದು ಅರ್ಜಿ ಕೊಡ್ರಿ."

ಮಾಮಾ ರೊಟ್ಟಿ ಮುಟ್ಟದೆ ಎದ್ದರು. ಅವರನ್ನು ಓಣಿಯಲ್ಲಿ ಇಂದಿಗೂ ಎಲ್ಲರೂ "ಡ್ರೈವರ್ ಸಾಬ್" ಅನ್ನುತ್ತಾರೆ. ಗಾಡಿ ಹೋದರೆ ಆ ಹೆಸರು ಹೋಗುತ್ತದೆ, ಉಳಿಯುವುದು ತುಕಾರಾಮ ಮಾತ್ರ. ಕಟ್ಟೆಯ ಮೇಲೆ ಕೂತು ನೆರೆಯವರ ಮಕ್ಕಳಿಗೆ ಗದರುವ ತುಕಾರಾಮರು ನಮ್ಮ ಓಣಿಯಲ್ಲಿ ಈಗಾಗಲೇ ಸಾಕಷ್ಟು ಜನ ಇದ್ದಾರೆ. ಅವರ ಸಂಕಟ ನನಗೆ ಅರ್ಥವಾಯಿತು. ಅರ್ಥವಾದದ್ದೇ ತಪ್ಪಾಯಿತು.

ಗಾಡಿಯನ್ನು ಶಹಾಬಜಾರದ ಇಮಾಮುದ್ದೀನನ ಗ್ಯಾರೇಜಿಗೆ ಎಳೆದು ತಂದೆವು. ಇಮಾಮುದ್ದೀನ ಗಾಡಿಯ ಕೆಳಗಿಂದ ಹೊರಬಂದು, ಕರಿಯಾದ ಪ್ಲೇಟನ್ನು ಮಾಮಾನ ಮುಂದೆ ಹಿಡಿದ. ರೊಟ್ಟಿಯಾಗಿದ್ದರೆ ನಾಯಿಯೂ ತಿನ್ನದಷ್ಟು ಸುಟ್ಟಿತ್ತು.

"ಡ್ರೈವರ್ ಸಾಬ್, ಎಷ್ಟ್ ಸಲ ಹೇಳ್ಬೇಕ್ರೀ? ಪಾಂವ್ ಹಟಾವೋ. ಕ್ಲಚ್ ಮ್ಯಾಲಿಂದ ಕಾಲು ತೆಗೀರಿ. ಗೇರ್ ಹಾಕೋದಾದ್ರ ಒತ್ತೋದು, ಇಲ್ಲಾಂದ್ರ ಕಾಲು ಬಾಜೂಕ. ನೀವು ಕ್ಲಚ್ ಮ್ಯಾಲ ಕಾಲಿಟ್ಟು ಸಂಸಾರ ಮಾಡಾಕತ್ತೀರಿ."

ಮಾಮಾನ ಮುಖ ಕೆಂಪು ಬಾಳೆಯ ಬಣ್ಣಕ್ಕೆ ಬಂತು. "ಏ ಇಮಾಮುದ್ದೀನ, ನಾ ಯಾರ ಗಾಡಿ ಹೊಡದೀನಿ ಗೊತ್ತದ ಏನು? ಎಂಥೆಂಥಾ ಸಾಹೇಬರು! ಅವರು ಎಂದೂ ನನ್ನ ಕಾಲಿನ ಸುದ್ದಿ ತಗದಿಲ್ಲ."

"ಸಾಹೇಬರ ಕ್ಲಚ್ ಸರಕಾರ ಹಾಕ್ತಿತ್ರೀ!"

"ಕಾಲಿಂದಲ್ಲ ತಪ್ಪು. ಈಗಿನ ಕ್ಲಚ್ಚಿಗೆ ನಿಯತ್ತಿಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಇಮಾಮುದ್ದೀನ ಗೊಣಗಿಕೊಂಡು ಮತ್ತೆ ಗಾಡಿಯ ಕೆಳಗೆ ಹೋದ. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಗ್ಯಾರೇಜಿನ ಬೆಂಚಿನ ಮೇಲೆ ತಮ್ಮ ತಮ್ಮ ಗಾಡಿ ಕಾಯುತ್ತ ಆರೇಳು ಪಿಕಪ್ ಡ್ರೈವರುಗಳು ಕೂತು ಚಹಾ ಕುಡಿಯುತ್ತಿದ್ದರು. "ನಿಯತ್ತಿಲ್ಲ" ಎಂಬ ಮಾತು ಅವರ ಎದೆಗೆ ನಾಟಿತು. ಒಬ್ಬನ ಕ್ಲಚ್ ಹೋದದ್ದು ಎರಡು ಗಾಡಿಯ ಮಾಲನ್ನು ಒಂದರಲ್ಲೇ ಹೇರಿದ್ದಕ್ಕೆ. ಇನ್ನೊಬ್ಬನದು ಹೋದದ್ದು ಮದುವೆ ಮೆರವಣಿಗೆಯಲ್ಲಿ ಡಿಜೆ ಪೆಟ್ಟಿಗೆ ಹೊತ್ತು, ವರನ ಗೆಳೆಯರ ಕುಣಿತದ ಹಿಂದೆ ಸಂಜೆಯಿಂದ ಇರುವೆಯ ಹಾಗೆ ತೆವಳಿದ್ದಕ್ಕೆ. ಮತ್ತೊಬ್ಬ ತಮ್ಮನಿಗೆ ಗಾಡಿ ಕಲಿಸಿದ್ದ. ಈ ಕಾರಣಗಳು ಅವರವರಿಗೆ ಚೆನ್ನಾಗಿ ಗೊತ್ತಿದ್ದವು. ಆದರೂ ತಪ್ಪು ತಮ್ಮದಲ್ಲ ಎಂದು ಇಸ್ತ್ರಿ ಅಂಗಿಯ ಹಿರಿಯರೊಬ್ಬರು ಹೇಳುತ್ತಿರುವಾಗ ಇಲ್ಲ ಎನ್ನಲು ಯಾರಿಗೆ ಮನಸ್ಸು ಬರುತ್ತದೆ?

ಚಹಾ ಮುಗಿಯುವುದರೊಳಗೆ "ಪಿಕಪ್ ಕ್ಲಚ್ ಸಂತ್ರಸ್ತರ ಹೋರಾಟ ಸಮಿತಿ" ಹುಟ್ಟಿತು. ಹಾಳೂರಿಗೆ ಉಳಿದವನೇ ಗೌಡ ಎನ್ನುವಂತೆ ಮಾಮಾ ಅಧ್ಯಕ್ಷರಾದರು. ಕಾರ್ಯದರ್ಶಿ ಯಾರೆಂದು ನೀವು ಕೇಳಲಾರಿರಿ.

ಮನವಿಯನ್ನು ಮಾಮಾ ಹೇಳಿದರು, ನಾನು ಬರೆದೆ. "ಮಾನ್ಯರೇ, ಈ ಹಿಂದೆ ಕ್ಲಚ್ಚುಗಳು ಮನೆಯ ಹಿರಿಯರಂತೆ ಬಾಳುತ್ತಿದ್ದವು" ಎಂದು ಶುರುವಾದ ಮನವಿ, "ಆದಕಾರಣ ಕ್ಲಚ್ಚುಗಳಿಗೆ ತಕ್ಷಣ ಬುದ್ಧಿ ಹೇಳಬೇಕಾಗಿ ವಿನಂತಿ" ಎಂದು ಮುಗಿಯಿತು. ಕೊನೆಯ ಸಾಲು ಬೇಡವೆಂದು ನಾನು ಬೇಡಿಕೊಂಡೆ. "ಬರಿಯೋ ಆನಂದಾ, ಸರಕಾರಕ್ಕ ಆಗದ್ದು ಏನದ?" ಎಂದರು.

ಮುಂದಿನ ಕೆಲವು ವಾರ ನನ್ನ ರಜೆಗಳೆಲ್ಲ ಕಚೇರಿಗಳ ಬೆಂಚಿನ ಮೇಲೆ ಸವೆದವು. ಮೊದಲನೆಯ ಕಚೇರಿಯವರು, ಗಾಡಿಗೆ ನೋಂದಣಿ ಇದೆಯೇ, ಇದೆಯೆಂದಾದರೆ ನಮ್ಮ ಕೆಲಸ ಮುಗಿಯಿತು, ಕ್ಲಚ್ಚು ನಮಗೆ ಬರುವುದಿಲ್ಲ ಎಂದರು. ಎರಡನೆಯ ಕಚೇರಿಯ ಅಮ್ಮನವರು ಸುಟ್ಟ ಪ್ಲೇಟನ್ನು ತಕ್ಕಡಿಯಲ್ಲಿಟ್ಟು, ತೂಕದಲ್ಲಿ ಮೋಸ ಇಲ್ಲವೆಂದು ಬರೆದುಕೊಟ್ಟರು. ಮೂರನೆಯವರು ಸಂತ್ರಸ್ತರು ಎಂಬ ಮಾತು ನೋಡಿ ಗಾಬರಿಯಾಗಿ, ಎಷ್ಟು ಮನೆ ಬಿದ್ದಿವೆ ಎಂದು ವಿಚಾರಿಸಿದರು. "ಇನ್ನೂ ಬಿದ್ದಿಲ್ರಿ, ನಮ್ಮಕಿ ಬೀಳಸ್ತೀನಿ ಅಂತ ಕುಂತಾಳ" ಎಂದರು ಮಾಮಾ. ಪ್ಲೇಟನ್ನು ಅವರು ಬಿಳಿ ಟವೆಲ್ಲಿನಲ್ಲಿ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡು ತಿರುಗುತ್ತಿದ್ದರು. ಬಸ್ಸಿನಲ್ಲಿ ಒಬ್ಬ ಮುದುಕಿ ಎದ್ದು ಸೀಟು ಕೊಟ್ಟದ್ದೂ ಉಂಟು.

ಕೊನೆಗೆ ಒಬ್ಬ ದೊಡ್ಡ ಅಧಿಕಾರಿ ಸಿಕ್ಕರು. ಅವರು ನಮಗಿಂತ ದಣಿದಿದ್ದರು. ಮನವಿ ಓದಿ, ಕನ್ನಡಕ ತೆಗೆದು, ಕಣ್ಣು ಉಜ್ಜಿಕೊಂಡು, "ಒಬ್ಬ ಇನ್ಸ್‌ಪೆಕ್ಟರ್‌ನ ಕಳಸ್ತೀನಿ. ಹೊಸಾ ಕ್ಲಚ್ ಹಾಕ್ಸಿ, ಮಾಲು ಹೇರಿ, ಕಮಲಾಪುರ ತನಕ ಗಾಡಿ ಹೊಡೀರಿ. ಅವರು ಬಾಜೂಕ ಕುಂತು ನೋಡಿ ವರದಿ ಕೊಡ್ತಾರ. ಆಮ್ಯಾಲ ನನ್ನ ಬಿಡ್ರಿ" ಎಂದರು.

ಮಾಮಾ ಮೆಟ್ಟಿಲಿಳಿಯುತ್ತ, "ಬಾಜೂಕ ಸಾಹೇಬರು ಕುಂದರ್ತಾರಂತೋ ಆನಂದಾ" ಎಂದು ಮತ್ತೆ ಮತ್ತೆ ಹೇಳಿದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ನಿವೃತ್ತಿಯ ನಂತರ ನೋಡಿರಲಿಲ್ಲ.

ಪರೀಕ್ಷೆಯ ದಿನ ಬಂತು. ಇಮಾಮುದ್ದೀನ ಹೊಸ ಕ್ಲಚ್ ಕೂರಿಸಿದ್ದ, ಅಕ್ಕ ಹೇಳಿದ ಕೊನೆಯ ಕ್ಲಚ್. ಹಿಂದೆ ತೊಗರಿ ಚೀಲಗಳು. ಇನ್ಸ್‌ಪೆಕ್ಟರ್ ಪ್ರೇಮಕುಮಾರ ಸಾಹೇಬರು ಕಪ್ಪು ಕನ್ನಡಕ ಹಾಕಿಕೊಂಡು ಬಂದು ಮಾಮಾನ ಪಕ್ಕ ಕೂತರು. ಕಮಲಾಪುರದಲ್ಲಿ ಮಗಳು ಗೌತಮಿ ಇದ್ದಾಳೆ, ಅವಳಿಗೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಬರುತ್ತೇನೆಂದು ಅಕ್ಕನೂ ಹೊರಟು ನಿಂತಳು. ಮುಂದೆ ಜಾಗವೇನೋ ಇತ್ತು. ಆದರೆ ಸಾಹೇಬರು ಒತ್ತರಿಸಿಕೊಂಡು ಕೂರುವುದನ್ನು ಮಾಮಾ ಜನ್ಮದಲ್ಲಿ ಕಂಡಿಲ್ಲ. ಹೀಗಾಗಿ ಅಕ್ಕ, ರೊಟ್ಟಿಯ ಬುಟ್ಟಿ ಮತ್ತು ನಾನು ಹಿಂದೆ ಚೀಲಗಳ ಮೇಲೆ ಹತ್ತಿದೆವು. ಮಾಲಿನ ಗಾಡಿಯಲ್ಲಿ ಮನುಷ್ಯರು ಕೂರಬಾರದೆಂಬ ಕಾನೂನು ಇನ್ಸ್‌ಪೆಕ್ಟರರಿಗೆ ಗೊತ್ತಿರಬೇಕಲ್ಲ. ಅವರು ಒಮ್ಮೆ ನಮ್ಮನ್ನು ನೋಡಿ, ಹಾಳೆಯಲ್ಲಿ "ಮಾಲು: ಚೀಲಗಳು" ಎಂದು ಬರೆದುಕೊಂಡರು. ನಾವು ಚೀಲಗಳಾಗಿ ಹೊರಟೆವು.

ಹುಮನಾಬಾದ ರಸ್ತೆ ಹಿಡಿದು ಸ್ವಲ್ಪ ದೂರ ಹೋಗಿರಲಿಲ್ಲ, ಒಳಗಿಂದ ಸಾಹೇಬರ ದನಿ ಕೇಳಿಸಿತು. "ಸ್ವಲ್ಪ ನಿಂದ್ರಸ್ರಿ, ಫೋನ್ ಬಂದದ."

ಗಾಡಿ ನಿಂತಿತು. ನಿಂತದ್ದು ನಮಗೆ ತಿಳಿಯಲೇ ಇಲ್ಲ. ಪಕ್ಕದ ಬೇವಿನ ಮರ ಹಿಂದೆ ಸರಿಯುವುದನ್ನು ಬಿಟ್ಟಿತ್ತು, ಅಷ್ಟೇ.

"ಭಾಳ ಸಾಫ್ ಹೊಡೀತೀರಿ" ಎಂದರು ಸಾಹೇಬರು.

ಅದು ಕೇಳಿದ್ದೇ ತಡ, ಮಾಮಾನ ಬೆನ್ನು ನೆಟ್ಟಗಾಯಿತು. ಮುಂದೆ ಮಹಾಗಾಂವ ಕ್ರಾಸಿನಲ್ಲಿ ಮಿರ್ಚಿ ಭಜಿಗೆ ನಿಂದ್ರಸ್ರಿ. ಭಜಿಯ ಮೇಲೆ ಚಹಾಕ್ಕೆ ನಿಂದ್ರಸ್ರಿ. ಯಾವನೋ ಗೆಳೆಯ ಮೋಟರ್ ಸೈಕಲ್ಲಿನಲ್ಲಿ ಎದುರು ಬಂದ, ನಿಂದ್ರಸ್ರಿ. ಅವನು ಅವನಲ್ಲ, ನಡೀರಿ. ಪ್ರತಿ ಸಲವೂ ಮಾಮಾ ಬೆಣ್ಣೆಯಲ್ಲಿ ಚಾಕು ಇಳಿಸಿದಂತೆ ನಿಲ್ಲಿಸಿದರು, ಎತ್ತಿದರು. ತೊಗರಿ ಚೀಲಗಳ ಮೇಲೆ ಬಿಸಿಲು ಏರುತ್ತಿತ್ತು. ನನ್ನ ತಲೆ ಸಿಡಿಯುತ್ತಿತ್ತು. ಅಕ್ಕ ಮಾತ್ರ ಕ್ಯಾಬಿನ್ನಿನ ಹಿಂದಿನ ಗಾಜಿಗೆ ಮುಖವಿಟ್ಟು ಒಳಗೆ ನೋಡುತ್ತ ಕೂತಿದ್ದಳು.

"ಆನಂದಾ, ಇಲ್ಲಿ ಬಾ" ಎಂದಳು. "ಅವರ ಎಡ ಮೊಣಕಾಲು ನೋಡು."

ನಾನು ನೋಡಿದೆ. ಅಷ್ಟು ವರ್ಷ ಪಕ್ಕದಲ್ಲೇ ಕೂತು ತಿರುಗಿದ್ದೆ, ಅಲ್ಲಿ ನೋಡಿರಲಿಲ್ಲ. ಬಲಗಾಲು ಆರಾಮಾಗಿತ್ತು. ಎಡಗಾಲು ಕ್ಲಚ್ಚಿನ ಮೇಲೇ ಇತ್ತು; ಆ ಮೊಣಕಾಲು ಮಾತ್ರ ಮೇಲೆದ್ದು, ಬಾಗಿಲ ಹೊರಗೆ ಸ್ಟೂಲಿನ ತುದಿಯಲ್ಲಿ ಕೂತ ಜವಾನನ ಹಾಗೆ ಕಾಯುತ್ತಿತ್ತು. ಸಾಹೇಬರು ಬಾಯಿ ತೆರೆದರೆ ಮೊಣಕಾಲು ಇಳಿಯುತ್ತದೆ. ಕೆಮ್ಮಿದರೆ ಇಳಿಯುತ್ತದೆ. ಸಾಹೇಬರು ಒಮ್ಮೆ ಸುಮ್ಮನೆ ಆಕಳಿಸಿದರು. ಅದಕ್ಕೂ ಅರ್ಧ ಇಳಿದು ಮತ್ತೆ ಏರಿತು.

"ಅಕ್ಕಾ, ಇಮಾಮುದ್ದೀನ ಹೇಳಿದ್ದು ಖರೇನ ಅದ" ಎಂದೆ.

ಅಕ್ಕ ನಗಲಿಲ್ಲ. "ಗಾಡೀ ಒಳಗ ಅಷ್ಟ ಅಲ್ಲೋ. ಮನ್ಯಾಗ ಊಟಕ್ಕ ಕುಂತಾಗೂ ಹಂಗ ಕುಂದರ್ತಾರ. ಯಾರರ ಕರೀತಾರ ಅಂತ." ಆಮೇಲೆ ಬುಟ್ಟಿಯ ಅರಿವೆ ಸರಿಮಾಡಿದಳು.

ಕಮಲಾಪುರ ಇನ್ನೇನು ಬಂತು ಅನ್ನುವಾಗ ಒಂದು ಏರು. ಏರಿನ ಅರ್ಧದಲ್ಲಿ, ಬಾಳೆ ತೋಟದ ಬದಿಗೆ, ನಾಗಣ್ಣ ನಿಂತಿದ್ದ. ಸಾಹೇಬರು ಕಂಡ ಕೂಡಲೇ ಅವನು ಕೈಮುಗಿದ. ಕೈಮುಗಿದವರನ್ನು ದಾಟಿ ಹೋಗುವುದು ಯಾವ ಸಾಹೇಬರಿಗೂ ಕಷ್ಟ.

"ನಿಂದ್ರಸ್ರಿ."

ಏರಿನಲ್ಲಿ ಬ್ರೇಕು ಹಿಡಿದು ನಿಲ್ಲಿಸಿದರೆ ಮತ್ತೆ ಎತ್ತುವಾಗ ಗಾಡಿ ಒಂದು ಗೇಣು ಹಿಂದೆ ಜಾರುತ್ತದೆ, ಸಾಹೇಬರಿಗೆ ಜರ್ಕು ಆಗುತ್ತದೆ. ಮಾಮಾ ತಮ್ಮ ಇಡೀ ನೌಕರಿಯಲ್ಲಿ ಯಾವ ಸಾಹೇಬರಿಗೂ ಜರ್ಕು ಕೊಟ್ಟವರಲ್ಲ. ಅವರು ಅರ್ಧ ಕ್ಲಚ್ಚು, ಅರ್ಧ ಎಕ್ಸಲೇಟರಿನ ಮೇಲೆ ಗಾಡಿಯನ್ನು ಹಾಗೇ ತೇಲಿಸಿ ಹಿಡಿದರು. ತೊಗರಿ ಚೀಲ, ಹೆಂಡತಿ, ಹೆಂಡತಿಯ ತಮ್ಮ, ಅಷ್ಟೂ ಭಾರ ಆ ಒಂದು ಪ್ಲೇಟಿನ ಮೇಲೆ. ನಾಗಣ್ಣ ಸಾಹೇಬರಿಗೆ ಕೆಂಪು ಬಾಳೆಯ ಗುಣ ವಿವರಿಸಿದ. ಯಾವ ಮಣ್ಣು, ಯಾವ ನೀರು, ಎಷ್ಟು ಶಕ್ತಿ. ಸಾಹೇಬರು ಒಂದು ಹಣ್ಣು ಸುಲಿದರು. ಸಾವಕಾಶ ತಿಂದರು. ಮತ್ತೊಂದನ್ನು ಸುಲಿದರು.

ಆಗ ವಾಸನೆ ಬಂತು. ಆಮೇಲೆ ಹೊಗೆ. ಆಮೇಲೆ ಎಂಜಿನ್ನು ಹೋ ಎಂದು ಅರಚಿತು, ಗಾಡಿ ನಿಧಾನಕ್ಕೆ, ಬಹಳ ಮರ್ಯಾದೆಯಿಂದ, ಕಲಬುರಗಿಯ ಕಡೆಗೆ ಹಿಂದೆ ಸರಿಯತೊಡಗಿತು. ನಾನು ಹಾರಿ ಹಿಂದಿನ ಗಾಲಿಗೆ ಕಲ್ಲು ಕೊಟ್ಟೆ. ಮಾಮಾ ಆಗ ಬ್ರೇಕು ಹಾಕಿದರು.

ಸಾಹೇಬರು ಕೆಳಗಿಳಿದು, ಸಿಪ್ಪೆ ಎಸೆದು, ಹೊಗೆಯನ್ನು ನೋಡಿದರು. ಬಾನೆಟ್ಟಿನ ಮೇಲೆಯೇ ಹಾಳೆ ಇಟ್ಟು ವರದಿ ಬರೆದರು: "ಚಾಲಕರ ಚಾಲನೆ ಅತ್ಯುತ್ತಮ. ಪ್ರಯಾಣದುದ್ದಕ್ಕೂ ಒಂದು ಸಲವೂ ಜರ್ಕು ಆಗಲಿಲ್ಲ. ಹೊಸ ಕ್ಲಚ್ಚು ಒಂದೇ ದಿನದಲ್ಲಿ ಸುಟ್ಟಿದ್ದು, ದೋಷ ಪೂರ್ತಿ ಕ್ಲಚ್ಚಿನದೇ." ಸಹಿ ಮಾಡಿ, ನಾಗಣ್ಣ ಕೊಟ್ಟ ಬಾಳೆಯ ಚಿಪ್ಪನ್ನು ಹಿಡಿದು, ಬಂದ ಬಸ್ಸಿಗೆ ಕೈಮಾಡಿ ಹೊರಟೇ ಹೋದರು.

ಮಾಮಾ ವರದಿಯನ್ನು ಎರಡೂ ಕೈಯಿಂದ ಹಿಡಿದು ಅಕ್ಕನ ಮುಂದೆ ಬಂದರು. "ನೋಡು ಶೇವಂತಾ. ಸಾಹೇಬರು ಬರದು ಕೊಟ್ಟಾರ. ಅತ್ಯುತ್ತಮ!"

"ಕಾಗದ ನೀವು ಇಟ್ಕೋರಿ" ಎಂದಳು ಅಕ್ಕ. "ಗಾಡಿ ನಾಗಣ್ಣಂದು."

ಗೆದ್ದವರ ಮುಖ ಅಷ್ಟು ಬೇಗ ಇಳಿದದ್ದನ್ನು ನಾನು ನೋಡಿರಲಿಲ್ಲ. ನನಗೆ ನಿಜಕ್ಕೂ ಕೆಟ್ಟೆನಿಸಿತು, ಮನವಿ ಬರೆದ ಕೈಯನ್ನು ಕಿಸೆಯಲ್ಲಿ ಬಚ್ಚಿಟ್ಟುಕೊಂಡೆ.

ನಾಗಣ್ಣ ಒಳ್ಳೆಯವನೇ. ತನ್ನ ಟ್ರ್ಯಾಕ್ಟರ್ ತಂದು ಗಾಡಿಯನ್ನು ಕಮಲಾಪುರದ ಗ್ಯಾರೇಜಿಗೆ ಎಳೆದುಕೊಟ್ಟ. "ರಿಪೇರಿ ಆದ ಮ್ಯಾಲ ಸಂಜಿಕ ನಮ್ಮ ಹೊಲದ ಮನಿಗಿ ತಂದು ಬಿಡ್ರಿ ಡ್ರೈವರ್ ಸಾಬ್, ರಸ್ತಾದ ಮ್ಯಾಲೇ ಅದ. ಇವತ್ತು ದಿನಾ ಚಲೋ ಅದ. ನಮ್ಮ ಮಲ್ಕಮ್ಮ ಆರತಿ ಮಾಡ್ತಾಳ" ಎಂದ. ಮಾಮಾ ತಲೆಯಾಡಿಸಿದರು. ಮಾತು ಆಯಿತು.

ಫೋನು ಮಾಡಿದ್ದಕ್ಕೆ ಇಮಾಮುದ್ದೀನ ಕಲಬುರಗಿಯಿಂದ ಬಸ್ಸು ಹಿಡಿದು ಬಂದ. ತೊಡೆಯ ಮೇಲೆ ಪೇಪರಿನಲ್ಲಿ ಸುತ್ತಿದ ಹೊಸ ಪ್ಲೇಟು. "ಇಷ್ಟು ಜಲ್ದಿ ಹ್ಯಾಂಗ ಸಿಕ್ತೋ?" ಎಂದು ಕೇಳಿದೆ. "ಬಾಜೂಕ ಸಾಹೇಬರು ಕುಂದರ್ತಾರ ಅಂತ ಕೇಳಿದ ದಿನಾನೇ ತಂದು ಇಟ್ಟಿದ್ದೆ" ಎಂದ.

ಅವನು ಗಾಡಿಯ ಕೆಳಗೆ ಸೇರಿದ. ಅಕ್ಕ ಗೌತಮಿಯ ಮನೆಗೆ ಹೋಗಿ ಬಂದಳು. ಮಾಮಾ ಗ್ಯಾರೇಜಿನ ಮುಂದಿನ ಕಲ್ಲಿನ ಮೇಲೆ, ಯಾರೋ ಬರುತ್ತಾರೆಂಬಂತೆ ಎಡಗಾಲು ಮಡಿಚಿ ಕೂತಿದ್ದರು. ಅಕ್ಕ ಅವರನ್ನು ದೂರದಿಂದ ಬಹಳ ಹೊತ್ತು ನೋಡಿದಳು. ಆಮೇಲೆ ಬುಟ್ಟಿಯಲ್ಲಿ ಉಳಿದಿದ್ದ ರೊಟ್ಟಿಗೆ ಚಟ್ನಿ ಹಚ್ಚಿ ಕೈಗೆ ಕೊಟ್ಟಳು. ಈ ಸಲ ಅವರು ತಿಂದರು.

ಹೊತ್ತು ಇಳಿಯುವಾಗ ಗಾಡಿ ಸಿದ್ಧವಾಯಿತು. ಇಮಾಮುದ್ದೀನ ಹಿಂದೆ ಚೀಲಗಳ ಮೇಲೆ ಹತ್ತಿದ. ಅಕ್ಕ ಯಾರನ್ನೂ ಕೇಳದೆ ಮುಂದೆ, ಮಾಮಾನ ಪಕ್ಕ, ನಡುವಿನಲ್ಲಿ ಕೂತಳು. ನಾನು ಬಾಗಿಲಿಗೆ ಒತ್ತಿಕೊಂಡೆ. ಮಾಮಾ ಬುದ್ಧನ ಮೂರ್ತಿಯನ್ನು ಒರೆಸಿದರು. ಕೀಲಿ ತಿರುವಿದರು. ಇದು ನಾಗಣ್ಣನ ಹೊಲದ ಮನೆಯವರೆಗಿನ ಪ್ರಯಾಣ, ಡ್ರೈವರ್ ಸಾಬರ ಕೊನೆಯ ಪ್ರಯಾಣ.

ಗಾಡಿ ಟಾಪ್ ಗೇರಿಗೆ ಬಂತು. ಎಡ ಮೊಣಕಾಲು ಎಂದಿನಂತೆ ಮೇಲೆದ್ದು ನಿಂತಿತ್ತು. ಅಕ್ಕ ಅದನ್ನು ನೋಡುತ್ತ ಮೆಲ್ಲಗೆ ಅಂದಳು, "ಸಾಹೇಬರು ಇಳದು ಹೋದ್ರು."

"ಹೌದು" ಎಂದರು ಮಾಮಾ.

"ಎಲ್ಲಾ ಸಾಹೇಬರೂ ಹೋದ್ರು. ಗಾಡಿ ಒಳಗ ನಾ ಇದ್ದೀನಿ, ನನ್ನ ತಮ್ಮ ಅದಾನ. ನಿಂದ್ರಸು ಅನ್ನೋರು ಯಾರೂ ಇಲ್ಲ. ಕಾಲು ಕೆಳಗ ಇಡ್ರಿ."

ಮಾಮಾ ಅವಳ ಕಡೆ ನೋಡಿದರು. ಕಾಲು ಇಳಿಸಿದರು. ಅದು ಎಲ್ಲಿ ಇರಬೇಕೆಂದು ತಿಳಿಯದೆ ಅತ್ತ ಇತ್ತ ಆಡಿತು, ಮತ್ತೆ ಪೆಡಲಿನ ಕಡೆಗೆ ಏರಿತು. ಅಕ್ಕ ಮೊಣಕಾಲಿನ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿದಳು. ರೊಟ್ಟಿ ಬಡಿಯುವ ಕೈ. ಅದರ ಕೆಳಗೆ ಯಾವುದೂ ಸುಲಭಕ್ಕೆ ಏಳುವುದಿಲ್ಲ. ಎಂಜಿನ್ನಿನ ದನಿ ಹಗುರಾಯಿತು. ನಾವು ಆ ಗಾಡಿಯಲ್ಲಿ ಎಂದೂ ಕೇಳದ ಒಂದು ದನಿ. ಹಿಂದಿನಿಂದ ಇಮಾಮುದ್ದೀನ ಕ್ಯಾಬಿನ್ನಿನ ತಗಡು ಬಡಿದು, "ಶಾಬ್ಬಾಸ್! ಪಾಂವ್ ಹಟ್ ಗಯಾ!" ಎಂದು ಕೂಗಿದ.

ಮುಂದೆ ರಸ್ತೆಯ ಬದಿಗೆ ನಾಗಣ್ಣ ಕಂಡ. ಹೊಸ ಟೋಪಿ ಹಾಕಿಕೊಂಡಿದ್ದ. ಮಲ್ಕಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಗಾಡಿಯ ಗಾಲಿ ಹಾಯಲೆಂದು ರಸ್ತೆಯ ಅಂಚಿನಲ್ಲಿ ಸಾಲಾಗಿ ಲಿಂಬೆಹಣ್ಣು ಇಟ್ಟಿದ್ದರು. ನಾಗಣ್ಣ ಎರಡೂ ಕೈ ಎತ್ತಿ, "ನಿಂದ್ರಸ್ರಿ ಡ್ರೈವರ್ ಸಾಬ್! ಇಲ್ಲೇ, ಇಲ್ಲೇ, ನಿಂದ್ರಸ್ರಿ!" ಎಂದು ಕೂಗಿದ.

ಆ ಮಾತು ಬಿದ್ದದ್ದೇ ಮಾಮಾನ ಮೊಣಕಾಲು ಜೋರಾಗಿ ಏಳಲು ನೋಡಿತು. ಅಕ್ಕನ ಕೈ ಅಲ್ಲಾಡಲಿಲ್ಲ.

"ಯಾರು ಏನರ ಅನ್ಲಿ" ಎಂದಳು, ಎದುರಿನ ರಸ್ತೆಯನ್ನೇ ನೋಡುತ್ತ. "ನೀವು ನಡೀರಿ."

ಮಾಮಾ ಅವಳನ್ನೊಮ್ಮೆ, ನಾಗಣ್ಣನನ್ನೊಮ್ಮೆ ನೋಡಿದರು. ಮೊಣಕಾಲು ಕೈಯ ಕೆಳಗೆ ಸಡಿಲಾಯಿತು. ಅರ್ಜಿ ಮಂದಿಯ ಗಾಡಿ ನಾಗಣ್ಣನ ಲಿಂಬೆಹಣ್ಣುಗಳನ್ನು ಪಚಪಚನೆ ತುಳಿದು, ಅವನನ್ನು, ಆರತಿಯನ್ನು, ಹೊಲದ ಮನೆಯನ್ನು ದಾಟಿ ಮುಂದೆ ಹೋಯಿತು. ಒಬ್ಬರು ನಿಂದ್ರಸು ಅಂದರೂ ಜನ್ಮದಲ್ಲಿ ಮೊದಲ ಸಲ ನಮ್ಮ ಮಾಮಾ ನಿಂದ್ರಿಸಿರಲಿಲ್ಲ. ಅವರ ಕಣ್ಣು ತುಂಬಿಕೊಂಡಿತ್ತು, ದೂಳು ಅಂದರು. ನಾನು ಕನ್ನಡಿಯಲ್ಲಿ, ಟೋಪಿ ಹಿಡಿದು ಓಡಿಬರುತ್ತಿದ್ದ ನಾಗಣ್ಣ ಸಣ್ಣವನಾಗುವುದನ್ನು ನೋಡುತ್ತ, ಇವನಿಗೆ ಕ್ಷಮಾಪಣೆಯ ಪತ್ರ ಬರೆಯುವವನು ಯಾರೆಂದು ಯೋಚಿಸಿದೆ. ಬೆರಳು ಆಗಲೇ ಉತ್ತರ ಕೊಟ್ಟಿದ್ದವು.

ಕೋಟನೂರಿನ ಓಣಿ ತಿರುಗುವಾಗ ದೀಪ ಹಚ್ಚುವ ಹೊತ್ತು. ಮೂಗಿಗೆ ಸೀದ ವಾಸನೆ ಬಡಿಯಿತು. ಮಾಮಾನ ಮುಖ ಬಿಳಿಚಿಕೊಂಡಿತು. ಅಕ್ಕನ ಕೈ ಇನ್ನೂ ಮೊಣಕಾಲಿನ ಮೇಲೇ ಇತ್ತು, ಅವಳೂ ಗಾಬರಿಯಾದಳು. ಇಮಾಮುದ್ದೀನ ಹಿಂದಿನಿಂದ ಹಾರಿ ಗಾಡಿಯ ಕೆಳಗೆ ಮೂಗು ಹಾಕಿ, ಎದ್ದು, ತಲೆ ಅಲ್ಲಾಡಿಸಿದ. ಗಾಡಿಯದಲ್ಲ.

ಇಕ್ಬಾಲ್ ಬೇಗಂ ಕಟ್ಟೆಯ ಮೇಲೆ ಆರಾಮಾಗಿ ಕೂತಿದ್ದರು. ನಮ್ಮನ್ನು ಕಂಡು, "ಅರೇ, ಈಗ ಬಂದ್ರ್ಯಾ? ತುಕಾರಾಮ್ ಭಾಯ್ ಬಂದು ಭಾಳ ಹೊತ್ತಾಯ್ತು ಅಂತ ನಾ ತಿಳ್ಕೊಂಡಿದ್ದೆ, ಇಷ್ಟೊತ್ತನಕ ವಾಸನಿ ಬರ್ತಾನೇ ಅದ" ಎಂದರು.

ಮಾಮಾ ಗಾಡಿಯಿಂದ ಇಳಿದರು. ಅಂಗಿಯ ಮಡಿಕೆ ಸರಿಮಾಡಿಕೊಂಡರು. ನಿವೃತ್ತಿಯ ದಿನ ಶಾಲು ಹೊದಿಸಿಕೊಂಡಾಗಲೂ ಅವರು ಅಷ್ಟು ನೆಟ್ಟಗೆ ನಿಂತಿರಲಿಲ್ಲ.

"ಬೇಗಂ, ಒಳಗ ಓಡ್ರಿ" ಎಂದರು. "ಇವತ್ತು ಸುಡಾಕತ್ತಿದ್ದು ನಿಮ್ಮ ಬ್ಯಾಳಿ."